ಡಬಲ್ ಬಾಂಡ್ ಎಲ್ಲಿ ಹಾಕಬೇಕು? ಗಂಧಕದ ಹೊಗೆಯ ಎಲೆಕ್ಟ್ರಾನ್ ಲೆಕ್ಕ

ಪ್ರಶ್ನೆ: ಸರ್, ನಾನು ವಿಜಯಪುರದಲ್ಲಿ ಪಿಯುಸಿ ಮೊದಲ ವರ್ಷ ಸೈನ್ಸ್ ಓದುತ್ತಿದ್ದೇನೆ. ಊರು ತಿಕೋಟಾ ಹತ್ತಿರ. ನೀರು, ಅಮೋನಿಯಾ, ಮೀಥೇನ್ ಇವುಗಳ ಲೂಯಿಸ್ ಚಿತ್ರ (ಎಲೆಕ್ಟ್ರಾನ್‌ಗಳನ್ನು ಚುಕ್ಕಿ, ಗೆರೆಯಲ್ಲಿ ತೋರಿಸುವ ಚಿತ್ರ) ಬರೆಯಲು ಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಬಾಯಿಪಾಠ ಆಗಿದೆ. ಆದರೆ ಸಲ್ಫರ್ ಡೈಆಕ್ಸೈಡ್ ಬಂದರೆ ತಲೆ ಕೆಡುತ್ತದೆ. ಒಂದು ಗೈಡಿನಲ್ಲಿ ಒಂದು ಡಬಲ್ ಬಾಂಡ್, ಒಂದು ಬಾಣ ಇದೆ. ಇನ್ನೊಂದರಲ್ಲಿ ಎರಡೂ ಕಡೆ ಡಬಲ್ ಬಾಂಡ್. ಟ್ಯೂಷನ್‌ನಲ್ಲಿ "ಬೇಕಾದದ್ದರಲ್ಲಿ ಇದ್ದದ್ದನ್ನು ಕಳೆ, ಎರಡರಿಂದ ಭಾಗಿಸು" ಅನ್ನುವ ಸೂತ್ರ ಕೊಟ್ಟಿದ್ದಾರೆ. ಕೆಲವಕ್ಕೆ ಸರಿ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ. ಯಾವುದು ಸರಿ? ಡಬಲ್ ಬಾಂಡ್ ಎಲ್ಲಿ ಹಾಕಬೇಕು ಅಂತ ಗೊತ್ತಾಗುವುದು ಹೇಗೆ?

ಉತ್ತರ: ನಿಮ್ಮ ತೊಂದರೆ ಸಲ್ಫರ್ ಬಂದಾಗ ಶುರುವಾದದ್ದಲ್ಲ. ಕಾರ್ಬನ್ ಡೈಆಕ್ಸೈಡನ್ನು ಬಾಯಿಪಾಠ ಮಾಡಿದಿರಲ್ಲ, ಅಲ್ಲೇ ಶುರುವಾಗಿದೆ. ಆ ಚಿತ್ರದಲ್ಲಿ ಎರಡು ದ್ವಿಬಂಧ, ಅಂದರೆ ಡಬಲ್ ಬಾಂಡ್, ಯಾಕೆ ಬಂದವು ಅಂತ ಲೆಕ್ಕ ಹಾಕಿ ನೋಡಿದ್ದರೆ ಸಲ್ಫರ್ ಡೈಆಕ್ಸೈಡ್ ಇಷ್ಟು ಕಾಡುತ್ತಿರಲಿಲ್ಲ. ಇರಲಿ, ಈಗ ಹಾಕೋಣ. ನಾನು ಚಿತ್ರವನ್ನು ಮಾತಿನಲ್ಲೇ ಹೇಳುತ್ತಾ ಹೋಗುತ್ತೇನೆ. ನೀವು ಪಕ್ಕದಲ್ಲಿ ಹಾಳೆ, ಪೆನ್ಸಿಲ್ ಇಟ್ಟುಕೊಂಡು ಬರೆಯುತ್ತಾ ಓದಿ. ಸುಮ್ನೆ ಓದಿದರೆ ಇದು ತಲೆಗೆ ಹತ್ತುವುದಿಲ್ಲ.

ತಿಕೋಟಾ ಕಡೆಯವರಿಗೆ ಸಲ್ಫರ್ ಡೈಆಕ್ಸೈಡ್ ಪರಿಚಯದ್ದೇ. ಒಣದ್ರಾಕ್ಷಿ ಶೆಡ್‌ಗಳಲ್ಲಿ ಬಣ್ಣ ಚೆನ್ನಾಗಿ ಬರಲಿ ಅಂತ ಗಂಧಕ ಸುಡುತ್ತಾರಲ್ಲ, ಕಣ್ಣು ಮೂಗು ಉರಿಸುವ ಆ ಹೊಗೆ ಇದೇ. ಬಿಳಿ ಸಕ್ಕರೆ ಮಾಡುವ ಕಾರ್ಖಾನೆಗಳಲ್ಲೂ ಕಬ್ಬಿನ ರಸ ತಿಳಿಯಾಗಲಿ ಅಂತ ಸುಣ್ಣದ ಜೊತೆ ಇದೇ ಅನಿಲ ಬಿಡುತ್ತಾರೆ. ಅದೇ ಶೆಡ್‌ನಲ್ಲಿ ಇನ್ನೊಂದು ಸಾಮಾನು ಇರುತ್ತದೆ. ದ್ರಾಕ್ಷಿಗೊನೆ ಒಣಹಾಕುವ ಮೊದಲು ಡಿಪ್ಪಿಂಗ್ ಆಯಿಲ್ ಜೊತೆ ನೀರಿಗೆ ಸೇರಿಸುವ ಪೊಟ್ಯಾಶಿಯಂ ಕಾರ್ಬೊನೇಟ್. ಇವತ್ತಿನ ಪಾಠಕ್ಕೆ ಈ ಎರಡು ಸಾಕು. ಎರಡರಲ್ಲೂ ನಿಮ್ಮ ಪ್ರಶ್ನೆಯೇ ಇದೆ.

ಮೊದಲ ಮಾತು. ಬಂಧದಿಂದ ಶುರು ಮಾಡಬೇಡಿ, ಎಣಿಕೆಯಿಂದ ಶುರು ಮಾಡಿ. ಬಹಳ ಜನ ನೇರವಾಗಿ ಗೆರೆ ಎಳೆದು, ಆಮೇಲೆ ಚುಕ್ಕಿ ಇಟ್ಟು, ಕೊನೆಗೆ ಅಷ್ಟಕದ ನಿಯಮದ ಹಾಗೆ ಪ್ರತಿ ಪರಮಾಣುವಿನ ಸುತ್ತ 8 ಎಲೆಕ್ಟ್ರಾನ್ ಬಂತಾ ಅಂತ ನೋಡುತ್ತಾರೆ. ಬರದಿದ್ದರೆ ಇನ್ನೊಂದು ಚುಕ್ಕಿ ಸೇರಿಸುತ್ತಾರೆ! ಆ ಚುಕ್ಕಿ ಎಲ್ಲಿಂದ ಬಂತು? ಯಾರೂ ಕೇಳುವುದಿಲ್ಲ. ಅಣುವಿನಲ್ಲಿ ಇರುವ ವೇಲೆನ್ಸ್ ಎಲೆಕ್ಟ್ರಾನ್, ಅಂದರೆ ಪರಮಾಣುಗಳ ಹೊರಕವಚದ ಎಲೆಕ್ಟ್ರಾನ್, ಎಷ್ಟೋ ಅಷ್ಟೇ. ಒಂದು ಜಾಸ್ತಿ ಇಲ್ಲ, ಒಂದು ಕಡಿಮೆ ಇಲ್ಲ. ಅದನ್ನು ಮೊದಲೇ ಕೂಡಿಸಿ, ಹಾಳೆಯ ಮೂಲೆಯಲ್ಲಿ ಬರೆದು, ಸುತ್ತು ಹಾಕಿ. ಚಿತ್ರ ಮುಗಿದ ಮೇಲೆ ಗೆರೆ, ಚುಕ್ಕಿ ಎಲ್ಲ ಎಣಿಸಿದರೆ ಅದೇ ಸಂಖ್ಯೆ ಬರಬೇಕು. ಬರದಿದ್ದರೆ ಚಿತ್ರ ಎಷ್ಟು ಚಂದ ಇದ್ದರೂ ತಪ್ಪು.

ಎಣಿಸುವುದು ಸುಲಭ. ಆವರ್ತಕ ಕೋಷ್ಟಕದ ಗುಂಪಿನ ಸಂಖ್ಯೆ ನೋಡಿ. 13ರಿಂದ 18ರವರೆಗಿನ ಗುಂಪುಗಳಲ್ಲಿ (ಹೀಲಿಯಂ ಬಿಟ್ಟು) 10 ಕಳೆಯಿರಿ. ಕಾರ್ಬನ್ 14ನೇ ಗುಂಪು, ಅಂದರೆ 4. ನೈಟ್ರೋಜನ್ 5. ಆಕ್ಸಿಜನ್ 6, ಅದರ ಕೆಳಗಿರುವ ಸಲ್ಫರ್‌ಗೂ 6. ಫ್ಲೋರಿನ್, ಕ್ಲೋರಿನ್‌ಗೆ 7. ಹೈಡ್ರೋಜನ್‌ಗೆ 1. ಅಯಾನ್ (ಚಾರ್ಜ್ ಹೊತ್ತ ಪರಮಾಣು ಅಥವಾ ಪರಮಾಣುಗಳ ಗುಂಪು) ಆದರೆ, ಅದರ ಮೇಲೆ ಮೈನಸ್ ಇದ್ದರೆ ಅಷ್ಟು ಸೇರಿಸಿ, ಪ್ಲಸ್ ಇದ್ದರೆ ಅಷ್ಟು ಕಳೆಯಿರಿ.

ಇನ್ನು ನಡುವೆ ಯಾರು? ಎಲೆಕ್ಟ್ರಾನನ್ನು ತನ್ನ ಕಡೆ ಎಳೆದುಕೊಳ್ಳುವ ಶಕ್ತಿ ಯಾರಿಗೆ ಕಡಿಮೆಯೋ ಅವರು ಸಾಮಾನ್ಯವಾಗಿ ನಡುವೆ. ಹೈಡ್ರೋಜನ್ ಮಾತ್ರ ನಡುವೆ ನಿಲ್ಲುವುದಿಲ್ಲ, ಅದಕ್ಕೆ ಒಂದೇ ಬಂಧ. ಕಾರ್ಬನ್ ಡೈಆಕ್ಸೈಡ್‌ನಲ್ಲಿ ಕಾರ್ಬನ್, ಸಲ್ಫರ್ ಡೈಆಕ್ಸೈಡ್‌ನಲ್ಲಿ ಸಲ್ಫರ್, ಕಾರ್ಬೊನೇಟ್‌ನಲ್ಲಿ ಮತ್ತೆ ಕಾರ್ಬನ್.

ಈಗ ಕಾರ್ಬನ್ ಡೈಆಕ್ಸೈಡ್. ಕಾರ್ಬನ್ 4, ಆಕ್ಸಿಜನ್ 6 ಮತ್ತು 6. ಒಟ್ಟು 16. ಸುತ್ತು ಹಾಕಿ. ನಡುವೆ ಕಾರ್ಬನ್, ಎರಡು ಬದಿಗೆ ಆಕ್ಸಿಜನ್ ಬರೆದು ಒಂದೊಂದು ಗೆರೆ ಎಳೆಯಿರಿ. ಒಂದು ಗೆರೆ ಅಂದರೆ 2 ಎಲೆಕ್ಟ್ರಾನ್. 4 ಖರ್ಚಾಯಿತು, 12 ಉಳಿಯಿತು. ಉಳಿದದ್ದನ್ನು ಮೊದಲು ಹೊರಗಿನವರಿಗೆ ಹಂಚಿ. ಒಂದೊಂದು ಆಕ್ಸಿಜನ್‌ಗೆ 6 ಚುಕ್ಕಿ, ಅಲ್ಲಿಗೆ 12 ಮುಗಿಯಿತು. ಆಕ್ಸಿಜನ್‌ಗಳಿಗೆ 8 ತುಂಬಿದೆ. ಕಾರ್ಬನ್ ಸುತ್ತ ಎಷ್ಟಿದೆ ನೋಡಿ. ಎರಡು ಗೆರೆ, ಅಂದರೆ ಬರೀ 4. ಇನ್ನೂ 4 ಬೇಕು. ಆದರೆ ಕೈಯಲ್ಲಿ ಒಂದೂ ಉಳಿದಿಲ್ಲ.

ಡಬಲ್ ಬಾಂಡ್ ಹುಟ್ಟುವುದು ಇಲ್ಲೇ. ಕೈ ಖಾಲಿ ಆದ ಮೇಲೂ ನಡುವಿನ ಪರಮಾಣುವಿಗೆ ಕೊರತೆ ಇದ್ದರೆ, ಪಕ್ಕದವರ ಒಂಟಿ ಜೋಡಿಯನ್ನು (ಬಂಧಕ್ಕೆ ಸೇರದೆ ಉಳಿದ ಎರಡು ಚುಕ್ಕಿಯನ್ನು) ನಡುವೆ ತಂದು ಗೆರೆ ಮಾಡುತ್ತೇವೆ. ಕೊಟ್ಟ ಆಕ್ಸಿಜನ್‌ಗೆ ನಷ್ಟ ಇಲ್ಲ, ಆ ಜೋಡಿ ಈಗಲೂ ಅದರ 8ರ ಲೆಕ್ಕದಲ್ಲಿ ಇದೆ. ಕಾರ್ಬನ್‌ಗೆ 2 ಲಾಭ. ಈ ಆಕ್ಸಿಜನ್‌ನಿಂದ ಒಂದು ಜೋಡಿ, ಆ ಆಕ್ಸಿಜನ್‌ನಿಂದ ಒಂದು ಜೋಡಿ ತಂದರೆ ಕಾರ್ಬನ್‌ಗೂ 8. ಎರಡು ದ್ವಿಬಂಧ, ಒಂದೊಂದು ಆಕ್ಸಿಜನ್ ಮೇಲೆ ಎರಡೆರಡು ಒಂಟಿ ಜೋಡಿ. ಎಣಿಸಿ. ನಾಲ್ಕು ಗೆರೆಗೆ 8, ನಾಲ್ಕು ಜೋಡಿ ಚುಕ್ಕಿಗೆ 8. ಸುತ್ತು ಹಾಕಿದ 16 ಬಂತು.

ಒಳ್ಳೆಯ ವಿದ್ಯಾರ್ಥಿ ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಎರಡೂ ಜೋಡಿಯನ್ನು ಒಂದೇ ಆಕ್ಸಿಜನ್‌ನಿಂದ ತಂದರೆ ಏನಾಗುತ್ತದೆ? ಒಂದು ಕಡೆ ಮೂರು ಗೆರೆ, ಇನ್ನೊಂದು ಕಡೆ ಒಂದೇ ಗೆರೆ. ಎಲೆಕ್ಟ್ರಾನ್ 16 ಸರಿ ಇದೆ. ಮೂವರಿಗೂ 8 ಇದೆ. ಅಷ್ಟಕದ ನಿಯಮದಿಂದ ನೋಡಿದರೆ ಈ ಚಿತ್ರಕ್ಕೂ ತಪ್ಪು ಹೇಳುವ ಹಾಗಿಲ್ಲ. ಹಾಗಾದರೆ ಇದನ್ನು ಯಾಕೆ ಬರೆಯುವುದಿಲ್ಲ?

ಅದಕ್ಕೇ ಫಾರ್ಮಲ್ ಚಾರ್ಜ್ ಬೇಕು. ಬಹಳ ಕಡೆ ಇದನ್ನು ಪಾಠದ ಕೊನೆಯಲ್ಲಿ, ಗಡಿಬಿಡಿಯಲ್ಲಿ ಮುಗಿಸುತ್ತಾರೆ. ನನ್ನ ಪ್ರಕಾರ ಲೂಯಿಸ್ ಚಿತ್ರದ ಅರ್ಧ ಜೀವ ಇದರಲ್ಲೇ ಇದೆ. ವಿಷಯ ಇಷ್ಟೇ. ಪರಮಾಣು ತಂದದ್ದು ಎಷ್ಟು, ಈಗ ಅದರ ಪಾಲಿಗೆ ಬಂದದ್ದು ಎಷ್ಟು? ಪಾಲು ಹಾಕುವುದು ನಮ್ಮ ಹೊಲದ ಪದ್ಧತಿಯಲ್ಲೇ. ಹೊಲದೊಳಗಿನ ಬೇವಿನ ಮರ ಪೂರ್ತಿ ನಮ್ಮದು, ಬದುವಿನ ಮೇಲಿನ ಮರ ಇಬ್ಬರಿಗೂ ಅರ್ಧರ್ಧ. ಒಂಟಿ ಜೋಡಿಯ ಎರಡೂ ಎಲೆಕ್ಟ್ರಾನ್ ಆ ಪರಮಾಣುವಿನದೇ. ಬಂಧದ ಜೋಡಿಯಲ್ಲಿ ಒಂದು ಇವರಿಗೆ, ಒಂದು ಅವರಿಗೆ. ಹಾಗಾಗಿ ವೇಲೆನ್ಸ್ ಎಲೆಕ್ಟ್ರಾನ್ ಸಂಖ್ಯೆಯಿಂದ ಒಂಟಿ ಜೋಡಿಗಳ ಎಲೆಕ್ಟ್ರಾನ್‌ಗಳನ್ನೂ ಗೆರೆಗಳ ಸಂಖ್ಯೆಯನ್ನೂ ಕಳೆದರೆ ಫಾರ್ಮಲ್ ಚಾರ್ಜ್ ಸಿಗುತ್ತದೆ.

ಎರಡು ದ್ವಿಬಂಧದ ಚಿತ್ರಕ್ಕೆ ಹಾಕಿ ನೋಡಿ. ಆಕ್ಸಿಜನ್: 6ರಿಂದ 4 ಚುಕ್ಕಿ, 2 ಗೆರೆ ಕಳೆದರೆ ಸೊನ್ನೆ. ಕಾರ್ಬನ್: 4ರಿಂದ 4 ಗೆರೆ ಕಳೆದರೆ ಸೊನ್ನೆ. ಎಲ್ಲವೂ ಸೊನ್ನೆ. ಮೂರು ಗೆರೆ, ಒಂದು ಗೆರೆಯ ಚಿತ್ರದಲ್ಲಿ ಮೂರು ಗೆರೆಯ ಆಕ್ಸಿಜನ್‌ಗೆ 6ರಿಂದ 2, 3 ಕಳೆದು ಪ್ಲಸ್ 1. ಒಂದು ಗೆರೆಯ ಆಕ್ಸಿಜನ್‌ಗೆ 6ರಿಂದ 6, 1 ಕಳೆದು ಮೈನಸ್ 1. ಎಲೆಕ್ಟ್ರಾನ್ ಎಳೆಯುವುದರಲ್ಲಿ ಫ್ಲೋರಿನ್ ಬಿಟ್ಟರೆ ಆಕ್ಸಿಜನ್‌ನದೇ ಮುಂದಿನ ಸ್ಥಾನ. ಅದರ ತಲೆ ಮೇಲೆ ಪ್ಲಸ್ ಕೂರಿಸುವುದು ಅಷ್ಟು ಒಪ್ಪುವುದಿಲ್ಲ. ಚಾರ್ಜ್ ಕಡಿಮೆ ಇರುವ ಚಿತ್ರಕ್ಕೇ ಮೊದಲ ಮಣೆ. ಕಾರ್ಬನ್ ಬದಲು ಒಂದು ಆಕ್ಸಿಜನ್‌ನ್ನೇ ನಡುವೆ ಇಟ್ಟು ನೋಡಿ, ಇನ್ನೂ ಮಜಾ ಇದೆ. ನಡುವಿನ ಆಕ್ಸಿಜನ್‌ಗೆ ಪ್ಲಸ್ 2, ತುದಿಯ ಕಾರ್ಬನ್‌ಗೆ ಮೈನಸ್ 2 ಬರುತ್ತದೆ. ನಡುವೆ ಯಾರು ಅನ್ನುವ ನಿಯಮ ಮರೆತುಹೋದರೂ ಈ ಲೆಕ್ಕವೇ ನಿಮ್ಮನ್ನು ದಾರಿಗೆ ತರುತ್ತದೆ. ಒಂದು ಎಚ್ಚರ, ಇದು ಪಾಲಿನ ಲೆಕ್ಕ ಅಷ್ಟೇ. ಪರಮಾಣುವಿನ ಮೇಲೆ ನಿಜವಾಗಿ ಅಳೆದ ವಿದ್ಯುತ್ ಚಾರ್ಜ್ ಅಂತ ತಿಳಿಯಬೇಡಿ.

ಈಗ ಗಂಧಕದ ಹೊಗೆಗೆ ಬರೋಣ. ಸಲ್ಫರ್ 6, ಆಕ್ಸಿಜನ್ 6 ಮತ್ತು 6. ಒಟ್ಟು 18. ಕಾರ್ಬನ್ ಡೈಆಕ್ಸೈಡ್‌ಗಿಂತ 2 ಜಾಸ್ತಿ, ಅಲ್ವಾ? ಈ ಎರಡೇ ಎಲೆಕ್ಟ್ರಾನ್ ಇಡೀ ಕಥೆಯನ್ನು ಬದಲಿಸುತ್ತವೆ. ಎರಡು ಗೆರೆ ಎಳೆದರೆ 4 ಹೋಯಿತು, 14 ಉಳಿಯಿತು. ಆಕ್ಸಿಜನ್‌ಗಳಿಗೆ 6 ಮತ್ತು 6 ಕೊಟ್ಟರೆ 12. ಇನ್ನೂ 2 ಕೈಯಲ್ಲಿದೆ. ಅದನ್ನು ಸಲ್ಫರ್ ಮೇಲೆ ಒಂಟಿ ಜೋಡಿಯಾಗಿ ಇಡಿ. ಈಗ ಸಲ್ಫರ್ ಸುತ್ತ ಎರಡು ಗೆರೆಗೆ 4, ಒಂಟಿ ಜೋಡಿಗೆ 2, ಒಟ್ಟು 6. ಕೊರತೆ ಬರೀ 2. ಅಂದರೆ ಒಂದು ಜೋಡಿ ತಂದರೆ ಸಾಕು. ಒಂದು ಕಡೆ ದ್ವಿಬಂಧ, ಇನ್ನೊಂದು ಕಡೆ ಏಕಬಂಧ, ಸಲ್ಫರ್ ತಲೆ ಮೇಲೆ ಒಂದು ಒಂಟಿ ಜೋಡಿ. ಎಲ್ಲರಿಗೂ 8.

ಫಾರ್ಮಲ್ ಚಾರ್ಜ್ ಹಾಕಿ. ಸಲ್ಫರ್‌ಗೆ 6ರಿಂದ 2 ಚುಕ್ಕಿ, 3 ಗೆರೆ ಕಳೆದು ಪ್ಲಸ್ 1. ದ್ವಿಬಂಧದ ಆಕ್ಸಿಜನ್‌ಗೆ ಸೊನ್ನೆ. ಏಕಬಂಧದ ಆಕ್ಸಿಜನ್‌ಗೆ ಮೈನಸ್ 1. ಕೂಡಿಸಿದರೆ ಸೊನ್ನೆ, ಅಣುವಿನ ಮೇಲೆ ಚಾರ್ಜ್ ಇಲ್ಲವಲ್ಲ, ಸರಿ ಹೋಯಿತು.

ನಿಮ್ಮ ಮೊದಲ ಗೈಡಿನ ಬಾಣ ಇದೇ. ಬಾಣ ಅಂದರೆ ಆ ಬಂಧದ ಎರಡೂ ಎಲೆಕ್ಟ್ರಾನ್ ಸಲ್ಫರ್‌ನಿಂದಲೇ ಬಂದವು ಅಂತ ಹೇಳುವ ಹಳೆಯ ಪದ್ಧತಿ. ಬಂಧ ಆದ ಮೇಲೆ ಎಲೆಕ್ಟ್ರಾನ್‌ಗೆ ತವರು ಮನೆ ಅಂತ ಇರುವುದಿಲ್ಲ. ಸಲ್ಫರ್‌ನಿಂದ ಆಕ್ಸಿಜನ್ ಕಡೆ ಬಾಣ ಹಾಕುವುದೂ, ಗೆರೆ ಎಳೆದು ಸಲ್ಫರ್ ಮೇಲೆ ಪ್ಲಸ್, ಆಕ್ಸಿಜನ್ ಮೇಲೆ ಮೈನಸ್ ಬರೆಯುವುದೂ ಒಂದೇ ಮಾತು. ನನಗೆ ಬಾಣ ಇಷ್ಟವಿಲ್ಲ. ಬಾಣದ ಬಂಧ ಬೇರೆ ಜಾತಿಯದು, ಬೇರೆ ಉದ್ದದ್ದು ಅನ್ನುವ ಭ್ರಮೆ ಹುಟ್ಟಿಸುತ್ತದೆ.

ಅಳೆದು ನೋಡಿದರೆ ಸಲ್ಫರ್ ಡೈಆಕ್ಸೈಡ್‌ನ ಎರಡೂ ಬಂಧಗಳ ಉದ್ದ ಒಂದೇ, ಸುಮಾರು 143 ಪಿಕೋಮೀಟರ್. ಒಂದು ದ್ವಿಬಂಧ, ಒಂದು ಏಕಬಂಧ ನಿಜವಾಗಿ ಇದ್ದಿದ್ದರೆ ಒಂದು ಗಿಡ್ಡ, ಒಂದು ಉದ್ದ ಇರಬೇಕಿತ್ತು. ಹಾಗಿಲ್ಲ. ದ್ವಿಬಂಧವನ್ನು ಎಡಕ್ಕೆ ಹಾಕಬೇಕೋ ಬಲಕ್ಕೆ ಹಾಕಬೇಕೋ ಅಂತ ನಿಮಗೆ ಗೊತ್ತಾಗದೆ ಇದ್ದದ್ದು ನಿಮ್ಮ ತಪ್ಪಲ್ಲ. ಎಡವೂ ಅಲ್ಲ, ಬಲವೂ ಅಲ್ಲ. ಆ ಜೋಡಿ ಎರಡೂ ಕಡೆ ಹರಡಿಕೊಂಡಿದೆ. ಹರಡಿದ್ದನ್ನು ಒಂದೇ ಗೆರೆಯಲ್ಲಿ ತೋರಿಸಲು ಲೂಯಿಸ್ ಚಿತ್ರಕ್ಕೆ ಬರುವುದಿಲ್ಲ. ಆದ್ದರಿಂದ ಎಡದ ಚಿತ್ರ ಒಂದು, ಬಲದ ಚಿತ್ರ ಒಂದು ಬರೆದು, ನಡುವೆ ಎರಡು ತಲೆಯ ಬಾಣ ಹಾಕುತ್ತೇವೆ. ಇದನ್ನೇ ರೆಸೊನೆನ್ಸ್ ಅನ್ನುತ್ತಾರೆ. ಅಣು ಒಮ್ಮೆ ಆ ರೂಪ, ಒಮ್ಮೆ ಈ ರೂಪ ಅಂತ ಓಡಾಡುತ್ತದೆ ಎಂದು ಕೆಲವರು ಹೇಳುತ್ತಾರೆ. ತಪ್ಪು. ಅಣುವಿನ ರೂಪ ಒಂದೇ. ಅದನ್ನು ಹೇಳಲು ನಮಗೆ ಎರಡು ಚಿತ್ರ ಬೇಕು, ಅಷ್ಟೇ.

ಹಾಗಾದರೆ ಎರಡೂ ಕಡೆ ದ್ವಿಬಂಧ ಇರುವ ಎರಡನೇ ಗೈಡು? ಅದರಲ್ಲಿ ಎಲೆಕ್ಟ್ರಾನ್ ಎಣಿಸಿ. ನಾಲ್ಕು ಗೆರೆಗೆ 8, ಆಕ್ಸಿಜನ್‌ಗಳ ಮೇಲೆ 8, ಸಲ್ಫರ್ ಮೇಲೆ 2. ಒಟ್ಟು 18, ಸರಿ ಇದೆ. ಫಾರ್ಮಲ್ ಚಾರ್ಜ್ ಎಲ್ಲವೂ ಸೊನ್ನೆ. ಆದರೆ ಸಲ್ಫರ್ ಸುತ್ತ 10 ಆಗಿದೆ. ಸಲ್ಫರ್ ಮೂರನೇ ಸಾಲಿನ ಧಾತು, ಅದು 8ರ ಗೆರೆ ದಾಟಬಹುದು ಅಂತ ಆ ಪುಸ್ತಕದವರು ಚಾರ್ಜ್ ಕಡಿಮೆ ಮಾಡುವುದಕ್ಕೆ ಮಹತ್ವ ಕೊಟ್ಟಿದ್ದಾರೆ. ಮೊದಲ ಪುಸ್ತಕದವರು 8ಕ್ಕೆ ಮಹತ್ವ ಕೊಟ್ಟಿದ್ದಾರೆ. ಯಾವುದು ನಿಜಕ್ಕೆ ಹತ್ತಿರ ಅನ್ನುವುದರಲ್ಲಿ ರಸಾಯನಶಾಸ್ತ್ರಜ್ಞರಲ್ಲೇ ಎರಡು ಮತ ಇದೆ. ಬಂಧದ ಉದ್ದ ಬಹಳ ಗಿಡ್ಡ ಇದೆ, ಆದ್ದರಿಂದ ಎರಡೂ ದ್ವಿಬಂಧ ಅನ್ನುವವರು ಒಂದು ಕಡೆ. ಸಲ್ಫರ್ ಮತ್ತು ಆಕ್ಸಿಜನ್ ನಡುವೆ ಪ್ಲಸ್ ಮೈನಸ್ ಸೆಳೆತ ಇದೆ, ಗಿಡ್ಡ ಆಗಲು ಅದೂ ಕಾರಣ ಅನ್ನುವವರು ಇನ್ನೊಂದು ಕಡೆ. ನೀವು ಪರೀಕ್ಷೆಯಲ್ಲಿ ಅಷ್ಟಕ ಪಾಲಿಸುವ ಎರಡು ರೆಸೊನೆನ್ಸ್ ಚಿತ್ರ ಬರೆಯಿರಿ, ಫಾರ್ಮಲ್ ಚಾರ್ಜ್ ಗುರುತಿಸಿ. ಸಲ್ಫರ್ ಮೇಲಿನ ಒಂಟಿ ಜೋಡಿ ಮರೆಯಬೇಡಿ. ಅದನ್ನು ಮರೆತರೆ 18ರ ಲೆಕ್ಕವೂ ಹೋಯಿತು, ಅಣುವಿನ ಆಕಾರವೂ ಹೋಯಿತು.

ಓಜೋನ್ ಬಂದಾಗ ಮಾತ್ರ ಈ ಸಡಿಲಿಕೆ ಇಲ್ಲ. ಮೂರು ಆಕ್ಸಿಜನ್, ಒಟ್ಟು ಅದೇ 18. ಲೆಕ್ಕವೂ ಅದೇ ರೀತಿ ನಡೆಯುತ್ತದೆ. ಆದರೆ ಎರಡನೇ ಸಾಲಿನ ಆಕ್ಸಿಜನ್ 8 ದಾಟುವುದಿಲ್ಲ. ಹಾಗಾಗಿ ಅಲ್ಲಿ ಎರಡೂ ಕಡೆ ದ್ವಿಬಂಧ ಬರೆದರೆ ಖಂಡಿತ ತಪ್ಪು. ಓಜೋನ್‌ನ ಎರಡೂ ಬಂಧ 128 ಪಿಕೋಮೀಟರ್. ಆಕ್ಸಿಜನ್ ಆಕ್ಸಿಜನ್ ನಡುವಿನ ಏಕಬಂಧ ಸುಮಾರು 148, ದ್ವಿಬಂಧ 121. ಎರಡರ ಮಧ್ಯದ ಅಳತೆ ಬಂದದ್ದು ನೋಡಿದಿರಾ? ರೆಸೊನೆನ್ಸ್ ನಂಬದವರಿಗೆ ನಾನು ತೋರಿಸುವುದು ಇದೇ ಸಂಖ್ಯೆಗಳನ್ನು.

ಒಂಟಿ ಜೋಡಿ ಮತ್ತು ಆಕಾರದ ಮಾತು ಬಂತು. ಲೂಯಿಸ್ ಚಿತ್ರ ಆಕಾರ ತೋರಿಸುವುದಿಲ್ಲ, ಆದರೆ ಆಕಾರ ಹೇಳಲು ಬೇಕಾದ ಮಾಹಿತಿ ಅದರಲ್ಲೇ ಇದೆ. ನಡುವಿನ ಪರಮಾಣುವಿನ ಸುತ್ತ ಎಲೆಕ್ಟ್ರಾನ್ ಗುಂಪು ಎಷ್ಟು ದಿಕ್ಕಿಗೆ ಇವೆ ಅಂತ ಎಣಿಸಿ. ದ್ವಿಬಂಧ ಒಂದೇ ದಿಕ್ಕು. ಕಾರ್ಬನ್ ಡೈಆಕ್ಸೈಡ್‌ನಲ್ಲಿ ಎರಡೇ ದಿಕ್ಕು, ಅವು ಒಂದಕ್ಕೊಂದು ಆದಷ್ಟು ದೂರ ಹೋಗಿ 180 ಡಿಗ್ರಿ, ನೇರ ಅಣು. ಸಲ್ಫರ್ ಡೈಆಕ್ಸೈಡ್‌ನಲ್ಲಿ ಎರಡು ಬಂಧ, ಒಂದು ಒಂಟಿ ಜೋಡಿ, ಮೂರು ದಿಕ್ಕು. ಅಣು ಬಾಗುತ್ತದೆ, ಕೋನ ಸುಮಾರು 119 ಡಿಗ್ರಿ. ನೇರ ಇದ್ದರೆ ಎರಡೂ ಕಡೆಯ ಎಳೆತ ಒಂದನ್ನೊಂದು ಹೊಡೆದುಹಾಕುತ್ತದೆ. ಬಾಗಿದರೆ ಹಾಗಾಗುವುದಿಲ್ಲ, ಅಣುವಿಗೆ ಒಂದು ಪ್ಲಸ್ ಬದಿ, ಒಂದು ಮೈನಸ್ ಬದಿ ಉಳಿಯುತ್ತದೆ. ಸಲ್ಫರ್ ಡೈಆಕ್ಸೈಡ್ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಕರಗುತ್ತದೆ. ಕರಗಿ ಆಮ್ಲ ಆಗುತ್ತದೆ. ಕಣ್ಣಿನ ನೀರಿನಲ್ಲಿ, ಮೂಗಿನ ಪಸೆಯಲ್ಲಿ ಆಗುವುದೂ ಅದೇ. ಶೆಡ್ ಬಾಗಿಲು ತೆಗೆದ ತಕ್ಷಣ ಒಳಗೆ ಹೋಗಬೇಡಿ ಅಂತ ಮನೆಯವರು ಹೇಳುವುದಕ್ಕೆ ಆ 2 ಎಲೆಕ್ಟ್ರಾನ್‌ಗಳ ಪಾಲೂ ಇದೆ.

ಟ್ಯೂಷನ್ ಸೂತ್ರದ ವಿಷಯ. ಅದು ಸುಳ್ಳು ಸೂತ್ರವಲ್ಲ. ಎಲ್ಲರಿಗೂ 8 ಬೇಕು, ಹೈಡ್ರೋಜನ್‌ಗೆ 2 ಬೇಕು, ಆದರೆ ಇರುವುದು ಕಡಿಮೆ. ಹಂಚಿಕೊಂಡ ಎಲೆಕ್ಟ್ರಾನ್ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಕೊರತೆ ಎಷ್ಟೋ ಅಷ್ಟು ಹಂಚಿಕೊಳ್ಳಬೇಕು. ಅದನ್ನು 2ರಿಂದ ಭಾಗಿಸಿದರೆ ಗೆರೆಗಳ ಸಂಖ್ಯೆ. ಕಾರ್ಬನ್ ಡೈಆಕ್ಸೈಡ್‌ಗೆ ಬೇಕಾದದ್ದು 24, ಇದ್ದದ್ದು 16, ಕೊರತೆ 8, ಗೆರೆ 4. ಸಲ್ಫರ್ ಡೈಆಕ್ಸೈಡ್‌ಗೆ 24ರಿಂದ 18 ಹೋದರೆ 6, ಗೆರೆ 3. ನಿಮ್ಮ ಮೊದಲ ಗೈಡು ಸೂತ್ರಕ್ಕೆ ಹೊಂದಿದ್ದು, ಎರಡನೆಯದು ಹೊಂದದೆ ಇದ್ದದ್ದು ಈ ಕಾರಣಕ್ಕೆ. ಸೂತ್ರದ ಹೊಟ್ಟೆಯಲ್ಲಿ "ಎಲ್ಲರಿಗೂ 8" ಅನ್ನುವ ಷರತ್ತು ಕೂತಿದೆ. ಷರತ್ತು ಮುರಿದ ಕಡೆ ಸೂತ್ರವೂ ಮುರಿಯುತ್ತದೆ. ಫಾಸ್ಫರಸ್ ಪೆಂಟಾಕ್ಲೋರೈಡ್‌ಗೆ ಹಾಕಿ ನೋಡಿ. 48ರಿಂದ 40 ಕಳೆದರೆ 8, ಗೆರೆ 4. ಐದು ಕ್ಲೋರಿನ್‌ಗೆ ನಾಲ್ಕೇ ಗೆರೆ! ಅಲ್ಲಿ ಫಾಸ್ಫರಸ್ ಸುತ್ತ 10 ಇರುತ್ತದೆ. ಬೋರಾನ್ ಟ್ರೈಫ್ಲೋರೈಡ್‌ಗೆ ಸೂತ್ರ 4 ಗೆರೆ ಕೊಡುತ್ತದೆ, ಆದರೆ ನಾವು ಸಾಮಾನ್ಯವಾಗಿ ಬರೆಯುವುದು 3. ಬೋರಾನ್ 6ಕ್ಕೇ ನಿಲ್ಲುತ್ತದೆ, ಯಾಕೆಂದರೆ ದ್ವಿಬಂಧ ಹಾಕಿದರೆ ಫ್ಲೋರಿನ್ ಮೇಲೆ ಪ್ಲಸ್ ಬರುತ್ತದೆ.

ನೈಟ್ರಿಕ್ ಆಕ್ಸೈಡ್‌ಗೆ ಇನ್ನೊಂದು ತಮಾಷೆ. 5 ಮತ್ತು 6, ಒಟ್ಟು 11. ಬೆಸ ಸಂಖ್ಯೆ. ಎಲ್ಲರನ್ನೂ ಜೋಡಿ ಮಾಡಲು ಆಗುವುದೇ ಇಲ್ಲ, ಒಂದು ಎಲೆಕ್ಟ್ರಾನ್ ಒಂಟಿಯಾಗಿ ಉಳಿಯುತ್ತದೆ. ಸೂತ್ರ ಹಾಕಿದರೆ ಎರಡೂವರೆ ಗೆರೆ! ಹುಡುಗರು ನಕ್ಕು ಬಿಡುತ್ತಾರೆ. ಆದರೆ ಮುಂದೆ ಮಾಲಿಕ್ಯುಲರ್ ಆರ್ಬಿಟಲ್ (ಎಲೆಕ್ಟ್ರಾನ್‌ಗಳು ಇಡೀ ಅಣುವಿಗೆ ಸೇರಿವೆ ಅಂತ ನೋಡುವ ಸಿದ್ಧಾಂತ) ಓದುವಾಗ ಆ ಅಣುವಿನ ಬಂಧ ದರ್ಜೆ, ಅಂದರೆ ಎಷ್ಟು ಬಂಧ ಅನ್ನುವ ಸಂಖ್ಯೆ, ಬರುವುದೂ 2.5 ಅಂತಲೇ. ಗಿಲ್ಬರ್ಟ್ ಲೂಯಿಸ್ 1916ರಲ್ಲಿ ಎಲೆಕ್ಟ್ರಾನ್ ಜೋಡಿಯ ಹಂಚಿಕೆಯೇ ಬಂಧ ಅಂತ ಹೇಳಿದಾಗ ಅವರ ಕೈಯಲ್ಲಿ ಕ್ವಾಂಟಮ್ ಮೆಕ್ಯಾನಿಕ್ಸ್ ಇರಲಿಲ್ಲ, ಅದು ಬಂದದ್ದು ಸುಮಾರು ಹತ್ತು ವರ್ಷದ ಮೇಲೆ. ಸಾವಿರಾರು ಸಂಯುಕ್ತಗಳಲ್ಲಿ ಬಹುತೇಕ ಎಲ್ಲದರಲ್ಲೂ ವೇಲೆನ್ಸ್ ಎಲೆಕ್ಟ್ರಾನ್ ಸಂಖ್ಯೆ ಸಮ ಸಂಖ್ಯೆ ಅನ್ನುವುದು ಅವರ ಕಣ್ಣಿಗೆ ಬಿದ್ದಿತ್ತು. ಅವರೂ ಎಣಿಕೆಯಿಂದಲೇ ಶುರು ಮಾಡಿದವರು.

ಈಗ ಶೆಡ್‌ನ ಎರಡನೇ ಸಾಮಾನು, ಪೊಟ್ಯಾಶಿಯಂ ಕಾರ್ಬೊನೇಟ್. ಮೊದಲು ಪೊಟ್ಯಾಶಿಯಂ ಅನ್ನು ಪಕ್ಕಕ್ಕಿಡಿ. ಅದು ತನ್ನ ಒಂದು ಎಲೆಕ್ಟ್ರಾನ್ ಕೊಟ್ಟು ಪ್ಲಸ್ ಅಯಾನ್ ಆಗಿ ಬೇರೆ ನಿಂತಿದೆ. ಗೆರೆ ಎಳೆದು ಜೋಡಿಸಬೇಡಿ. ಬಂಧದ ಚಿತ್ರ ಬೇಕಾದದ್ದು ಕಾರ್ಬೊನೇಟ್ ಅಯಾನ್‌ಗೆ. ಕಾರ್ಬನ್ 4, ಮೂರು ಆಕ್ಸಿಜನ್‌ಗೆ 18, ಅಯಾನ್ ಮೇಲೆ ಮೈನಸ್ 2 ಇದೆ, ಅದಕ್ಕೆ 2. ಒಟ್ಟು 24. ಈ ಕೊನೆಯ 2 ಮರೆತು 22 ಬರೆದವರಿಗೆ ಟ್ಯೂಷನ್ ಸೂತ್ರ ಐದು ಗೆರೆ ಕೊಡುತ್ತದೆ. ಕಾರ್ಬನ್‌ಗೆ ಐದು ಬಂಧ ಆಗದ ಮಾತು. ಹಾಗೆ ಬಂದರೆ ಮೊದಲು ಮೂಲೆಯ ಸಂಖ್ಯೆಯನ್ನೇ ಅನುಮಾನಿಸಿ.

24ರಲ್ಲಿ ಮೂರು ಗೆರೆಗೆ 6 ಹೋಯಿತು. ಉಳಿದ 18 ಮೂರು ಆಕ್ಸಿಜನ್‌ಗೆ ಆರಾರು. ಕೈ ಖಾಲಿ. ಕಾರ್ಬನ್ ಸುತ್ತ 6, ಕೊರತೆ 2. ಒಂದು ಆಕ್ಸಿಜನ್‌ನಿಂದ ಒಂದು ಜೋಡಿ ತಂದು ದ್ವಿಬಂಧ ಮಾಡಿ. ಯಾವ ಆಕ್ಸಿಜನ್? ಮೂವರೂ ಸಮಾನ, ಯಾವುದಾದರೂ ಸರಿ. ಹಾಗಾಗಿ ರೆಸೊನೆನ್ಸ್ ಚಿತ್ರ ಮೂರು. ಕಾರ್ಬನ್ ಮೇಲೆ ಸೊನ್ನೆ, ದ್ವಿಬಂಧದ ಆಕ್ಸಿಜನ್ ಮೇಲೆ ಸೊನ್ನೆ, ಉಳಿದ ಎರಡರ ಮೇಲೆ ಮೈನಸ್ ಒಂದೊಂದು. ಕೂಡಿಸಿದರೆ ಮೈನಸ್ 2. ಇಡೀ ಚಿತ್ರಕ್ಕೆ ಚೌಕದ ಆವರಣ ಹಾಕಿ, ಮೇಲೆ ಬಲಮೂಲೆಯಲ್ಲಿ 2 ಮೈನಸ್ ಬರೆಯಿರಿ. ಇದನ್ನು ಮರೆತರೆ ಅಂಕ ಹೋಗುತ್ತದೆ, ಹೋಗಲೇಬೇಕು. ಅಳತೆಯಲ್ಲಿ ಮೂರೂ ಬಂಧ ಸುಮಾರು 129 ಪಿಕೋಮೀಟರ್, ಕೋನಗಳು 120 ಡಿಗ್ರಿ. ಬಾಗಲಕೋಟೆ ಕಡೆಯ ಸುಣ್ಣದ ಕಲ್ಲಿನಲ್ಲಿ ಇರುವುದೂ ಇದೇ ಅಯಾನ್. ಪಕ್ಕದಲ್ಲಿ ಪೊಟ್ಯಾಶಿಯಂ ಬದಲು ಕ್ಯಾಲ್ಸಿಯಂ, ಅಷ್ಟೇ.

ಪೊಟ್ಯಾಶಿಯಂ ಕಾರ್ಬೊನೇಟ್ ಕರಗಿಸಿದ ನೀರು ಕೈಗೆ ಜಾರುತ್ತದೆ, ಕೆಂಪು ಲಿಟ್ಮಸ್ ಅದ್ದಿದರೆ ನೀಲಿ ಆಗುತ್ತದೆ. ಯಾಕೆ ಅಂತ ಚಿತ್ರದಲ್ಲೇ ಕಾಣುತ್ತದೆ. ಮೈನಸ್ ಹೊತ್ತ ಆಕ್ಸಿಜನ್ ಮೇಲಿನ ಒಂಟಿ ಜೋಡಿ ನೀರಿನಿಂದ ಒಂದು ಹೈಡ್ರೋಜನ್ ಅಯಾನ್ ಕಿತ್ತುಕೊಳ್ಳುತ್ತದೆ. ಹಿಂದೆ ಉಳಿಯುವುದು ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಚಿತ್ರ ಬರೆಯುವುದು ಅಂಕಕ್ಕೆ ಅಂತ ಅಂದುಕೊಂಡರೆ ಇದು ಕಾಣುವುದಿಲ್ಲ. ಎಲ್ಲಿ ಜೋಡಿ ಬಿಡುವಾಗಿದೆ, ಎಲ್ಲಿ ಕೊರತೆ ಇದೆ ಅಂತ ಓದಲು ಕಲಿತರೆ ಮುಂದಿನ ವರ್ಷ ಆರ್ಗ್ಯಾನಿಕ್‌ನಲ್ಲಿ ಎಲೆಕ್ಟ್ರಾನ್ ಜೋಡಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತೋರಿಸಲು ಬರುವ ಬಾಣಗಳಿಗೆ ಅರ್ಧ ದಾರಿ ಸಾಗಿದ ಹಾಗೆ.

ಈ ವಿಧಾನ ಎಲ್ಲವನ್ನೂ ಹೇಳುತ್ತದೆ ಅಂತಲೂ ನಂಬಬೇಡಿ. ನಾವು ಉಸಿರಾಡುವ ಆಕ್ಸಿಜನ್‌ನ್ನೇ ನೋಡಿ. 12 ಎಲೆಕ್ಟ್ರಾನ್, ಒಂದು ದ್ವಿಬಂಧ, ನಾಲ್ಕು ಒಂಟಿ ಜೋಡಿ. ಎಲ್ಲವೂ ಜೋಡಿ ಜೋಡಿ, ಚಿತ್ರ ನಿರ್ದೋಷ. ಆದರೆ ದ್ರವ ಆಕ್ಸಿಜನ್ ಸುರಿದರೆ ಅದು ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಅಂಟಿ ನಿಲ್ಲುತ್ತದೆ. ಜೋಡಿಯಾಗದ ಎಲೆಕ್ಟ್ರಾನ್ ಇಲ್ಲದೆ ಹಾಗಾಗುವುದಿಲ್ಲ. ಅದರಲ್ಲಿ ಅಂಥ ಎರಡು ಎಲೆಕ್ಟ್ರಾನ್ ಇವೆ, ಲೂಯಿಸ್ ಚಿತ್ರಕ್ಕೆ ಅವು ಸಿಗುವುದಿಲ್ಲ. ಅದಕ್ಕೆ ಮಾಲಿಕ್ಯುಲರ್ ಆರ್ಬಿಟಲ್ ಪಾಠ ಬೇಕು. ಅದು ನಿಮ್ಮ ಇದೇ ಅಧ್ಯಾಯದ ಕೊನೆಯಲ್ಲಿ ಬರುತ್ತದೆ.

ನಿಮಗೊಂದು ಕೆಲಸ ಕೊಡುತ್ತೇನೆ. ಯೂರಿಯಾ ಗೊಬ್ಬರದ ಚೀಲ ಮನೆಯಲ್ಲಿ ಇದ್ದೇ ಇರುತ್ತದೆ. ಅದರ ಅಣು ಬರೆಯಿರಿ. ನಡುವೆ ಕಾರ್ಬನ್, ಅದಕ್ಕೆ ಒಂದು ಆಕ್ಸಿಜನ್, ಎರಡು ನೈಟ್ರೋಜನ್, ಒಂದೊಂದು ನೈಟ್ರೋಜನ್‌ಗೆ ಎರಡೆರಡು ಹೈಡ್ರೋಜನ್. ಮುಂದಿನ ಸಾಲು ಓದುವ ಮೊದಲು ಒಮ್ಮೆ ಮಾಡಿ ನೋಡಿ.

ಒಟ್ಟು 4, 6, 10, 4 ಕೂಡಿ 24. ಏಳು ಏಕಬಂಧಕ್ಕೆ 14 ಹೋಗಿ 10 ಉಳಿಯುತ್ತದೆ. ಆಕ್ಸಿಜನ್‌ಗೆ 6, ನೈಟ್ರೋಜನ್‌ಗಳಿಗೆ ಎರಡೆರಡು. ಕಾರ್ಬನ್ ಸುತ್ತ 6 ಮಾತ್ರ, 2 ಕೊರತೆ. ಈ ಸಲ ಕೊಡಬಲ್ಲವರು ಎರಡು ಜಾತಿಯವರು, ಆಕ್ಸಿಜನ್ನೂ ಇದೆ, ನೈಟ್ರೋಜನ್ನೂ ಇದೆ. ನೈಟ್ರೋಜನ್‌ನಿಂದ ತಂದರೆ ಅದಕ್ಕೆ ಪ್ಲಸ್ 1, ಆಕ್ಸಿಜನ್‌ಗೆ ಮೈನಸ್ 1 ಬರುತ್ತದೆ. ಆಕ್ಸಿಜನ್‌ನಿಂದ ತಂದರೆ ಎಲ್ಲವೂ ಸೊನ್ನೆ. ದ್ವಿಬಂಧ ಕಾರ್ಬನ್ ಮತ್ತು ಆಕ್ಸಿಜನ್ ನಡುವೆ ಹೋಗುತ್ತದೆ.